ಚುನಾವಣೆ ಮುಗಿಯುವ ತನಕ ಅಡಿಕೆ ಮಾರಿದ ದುಡ್ಡು ಹಾಗೇ ಇಡಬೇಕಾ?

ನೀವು ಕೇಳಿದ್ದು ಇಷ್ಟು. ಕುಮಟಾ ಕಡೆ ಸಣ್ಣ ತೋಟ ಇದೆ, ಅಡಿಕೆ ಮಾರಿದ ಆರು ಲಕ್ಷ ಕೈಯಲ್ಲಿದೆ, ಚುನಾವಣೆ ಹತ್ತಿರ ಬರುತ್ತಿದೆ, ದೇಶದ ಹಣಕಾಸು ಎತ್ತ ಹೋಗುತ್ತದೋ ಗೊತ್ತಿಲ್ಲ. ಮ್ಯೂಚುವಲ್ ಫಂಡ್‌ಗೆ ಈಗಲೇ ಹಾಕಬೇಕಾ, ಫಲಿತಾಂಶ ಬಂದ ಮೇಲೆ ಹಾಕಬೇಕಾ?

ಫಲಿತಾಂಶಕ್ಕೆ ಅಂತ ಕಾಯಬೇಡಿ. ನಾನು ಶಿರಸಿ ಹತ್ತಿರದವನು, ನನಗೂ ತೋಟ ಇದೆ, ಇಪ್ಪತ್ತು ವರ್ಷದಿಂದ ಕೈಲಾದಷ್ಟು ಶೇರು ಕೊಳ್ಳುತ್ತಾ ಬಂದಿದ್ದೇನೆ. ಫಲಿತಾಂಶದ ದಿನ ಮಾರುಕಟ್ಟೆ ಹಾರುವುದು, ಬೀಳುವುದು ಎರಡನ್ನೂ ನೋಡಿದ್ದೇನೆ. 2004ರ ಮೇ 17ರಂದು ಎಡಪಕ್ಷಗಳ ಬೆಂಬಲದ ಕಾಂಗ್ರೆಸ್ ಕೂಟದ ಸರ್ಕಾರ ಬರುತ್ತದೆ ಎನ್ನುವ ಭಯಕ್ಕೆ ಸೆನ್ಸೆಕ್ಸ್, ಅಂದರೆ ಮುಂಬೈ ಶೇರು ಪೇಟೆಯ ಸೂಚ್ಯಂಕ, ಎಷ್ಟು ಬಿತ್ತು ಅಂದರೆ ವಹಿವಾಟನ್ನೇ ಎರಡು ಸಲ ನಿಲ್ಲಿಸಬೇಕಾಯಿತು. ಅದೇ ಕೂಟ 2009ರಲ್ಲಿ, ಈ ಸಲ ಎಡಪಕ್ಷಗಳ ಹಂಗಿಲ್ಲದೆ, ಮತ್ತೆ ಗೆದ್ದಾಗ ಮೇ 18ರಂದು ಒಂದೇ ದಿನ ಶೇ. 17 ಏರಿತು. ಯಾವ ಕೂಟವನ್ನು ಕಂಡು ಹೆದರಿದ್ದರೋ ಅದನ್ನೇ ಕಂಡು ಐದು ವರ್ಷದ ಮೇಲೆ ಖುಷಿಪಟ್ಟರು, ಅಲ್ವಾ?

2024ರ ಜೂನ್ 4 ನಮ್ಮ ಮನೆಯಲ್ಲೇ ನಡೆದ ಕಥೆ. ಬಿಜೆಪಿಗೆ ಬಹುಮತಕ್ಕೆ ಬೇಕಾದ 272 ಬರಲಿಲ್ಲ, 240ಕ್ಕೆ ನಿಂತಿತು. ಸೆನ್ಸೆಕ್ಸ್ ಆ ದಿನ ಸುಮಾರು 4,400 ಅಂಕ ಇಳಿಯಿತು. ನಮ್ಮ ಭಾವ ಮಧ್ಯಾಹ್ನ ಊಟವನ್ನೂ ಬಿಟ್ಟು ಫೋನ್ ಹಿಡಿದು ಕೂತು, ಮಗಳ ಓದಿಗೆ ಅಂತ ಇಟ್ಟಿದ್ದ ಶೇರನ್ನೆಲ್ಲ ಮಾರಿಬಿಟ್ಟರು. ಮೂರೇ ದಿನಕ್ಕೆ, ಜೂನ್ 7ಕ್ಕೆ, ಸೂಚ್ಯಂಕ ಹಿಂದಿನ ಎತ್ತರವನ್ನೂ ದಾಟಿತು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಆ ವರ್ಷವೇ ಫೀಸು ಕಟ್ಟಬೇಕಿತ್ತು, ಹೆದರದೆ ಇನ್ನೇನು ಮಾಡುತ್ತಾರೆ. ವರ್ಷದೊಳಗೆ ಬೇಕಾಗುವ ದುಡ್ಡು ಶೇರಿನಲ್ಲಿ ಇರಲೇಬಾರದಿತ್ತು, ಅಷ್ಟೇ.

ಹಾಗಾದರೆ ಚುನಾವಣೆಯಿಂದ ಏನೂ ಆಗುವುದಿಲ್ಲವಾ ಅಂದರೆ, ಆಗುತ್ತದೆ. ಆದರೆ ಯಾರು ಗೆದ್ದರು ಅನ್ನುವುದಕ್ಕಿಂತ ಜಾಸ್ತಿ ನೋಡಬೇಕಾದ್ದು ಮತದಾನಕ್ಕೆ ಮುಂಚೆ ಏನೇನು ತಡೆದಿಟ್ಟಿದ್ದಾರೆ ಅನ್ನುವುದನ್ನು. 2018ರ ನಮ್ಮ ವಿಧಾನಸಭೆ ಚುನಾವಣೆ ನೆನಪು ಮಾಡಿಕೊಳ್ಳಿ. ಅದಕ್ಕೆ ಮುಂಚೆ 19 ದಿನ ಪೆಟ್ರೋಲ್ ದರ ಒಂದು ಪೈಸೆಯೂ ಅಲುಗಾಡಲಿಲ್ಲ. ಮೇ 12ಕ್ಕೆ ಮತದಾನ, 14ಕ್ಕೆ ಮತ್ತೆ ಏರಲು ಶುರು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಗ್ಯಾಸ್ ಸಿಲಿಂಡರಿಗೆ 100 ರೂಪಾಯಿ ಇಳಿಸಿತು, ಪೆಟ್ರೋಲಿಗೆ 2 ರೂಪಾಯಿ ಇಳಿಯಿತು. ಲೋಕಸಭೆ ಫಲಿತಾಂಶ ಬಂದು ಹನ್ನೊಂದು ದಿನಕ್ಕೆ ರಾಜ್ಯ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಜಾಸ್ತಿ ಮಾಡಿತು. ಪಕ್ಷ ಬೇರೆ, ರೂಢಿ ಒಂದೇ.

ತೀರಾ ಅತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಟರ್ಕಿ ನೋಡಿ. 2023ರ ಮೇ ಚುನಾವಣೆಗೆ ಮುಂಚೆ ಅಲ್ಲಿ ಬೆಲೆ ವರ್ಷಕ್ಕೆ ಶೇ. 40ರ ಆಸುಪಾಸಿನಲ್ಲಿ ಏರುತ್ತಿತ್ತು, ಬಡ್ಡಿಯನ್ನು ಮಾತ್ರ ಶೇ. 8.5ಕ್ಕೆ ಕಟ್ಟಿಹಾಕಿದ್ದರು. ಅಧ್ಯಕ್ಷ ಎರ್ಡೊಗಾನ್ ಮತ್ತೆ ಗೆದ್ದರು. ಗೆದ್ದ ಮೇಲೆ ಕಟ್ಟು ಬಿಚ್ಚಲೇಬೇಕಾಯಿತು. ಅಲ್ಲಿನ ಹಣ ಲೀರಾ ಕುಸಿಯಿತು, ಬಡ್ಡಿ ಏರಿ ಏರಿ 2024ರ ಮಾರ್ಚಿಗೆ ಶೇ. 50 ಮುಟ್ಟಿತು. ನಮ್ಮದು ಆ ಮಟ್ಟಕ್ಕೆ ಹೋಗಿಲ್ಲ, 2016ರಿಂದ ಆರ್‌ಬಿಐಗೆ ಬೆಲೆ ಏರಿಕೆಯನ್ನು ಶೇ. 4ರ ಹತ್ತಿರ ಇಡಬೇಕು ಎನ್ನುವ ಗುರಿ ಕಾನೂನಿನಲ್ಲೇ ಇದೆ. ನನಗೆ ಧೈರ್ಯ ಕೊಡುವುದು ಇದು.

ಇನ್ನೊಂದು ವಿಷಯವನ್ನು ಟೀವಿಯವರು ಚುನಾವಣೆ ಹೊತ್ತಿಗೆ ಪೂರ್ತಿ ಮರೆಯುತ್ತಾರೆ. ಗಾಳಿ ಹೆಚ್ಚಾಗಿ ಹೊರಗಿನಿಂದ ಬೀಸುತ್ತದೆ. 2013ರಲ್ಲಿ, ಲೋಕಸಭೆ ಚುನಾವಣೆಗೆ ಇನ್ನೂ ಏಳೆಂಟು ತಿಂಗಳಿರುವಾಗ, ಡಾಲರಿಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ ಕೊನೆಗೆ 68 ದಾಟಿತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್, ಸಾಲಪತ್ರ (ಬಾಂಡ್) ಕೊಂಡು ಮಾರುಕಟ್ಟೆಗೆ ದುಡ್ಡು ಬಿಡುವುದನ್ನು ಕಡಿಮೆ ಮಾಡುತ್ತೇನೆ ಅಂದಿದ್ದೇ ಸಾಕಾಯಿತು, ವಿದೇಶಿ ಹಣ ಹೊರಟುಬಿಟ್ಟಿತು. ಆಗ ಭಾರತ, ಇಂಡೋನೇಷ್ಯಾ, ಬ್ರೆಜಿಲ್, ಟರ್ಕಿ, ದಕ್ಷಿಣ ಆಫ್ರಿಕಾ ಐದನ್ನೂ ಒಟ್ಟಿಗೆ ಸೇರಿಸಿ ದುರ್ಬಲ ದೇಶಗಳು ಅಂತ ಕರೆದರು. ಹೊರದೇಶಗಳಿಂದ ನಾವು ಕೊಳ್ಳುವುದು ಜಾಸ್ತಿ, ಅವರಿಗೆ ಮಾರುವುದು ಕಡಿಮೆ ಆಗಿತ್ತು, ಅದಕ್ಕೇ ಅಷ್ಟು ಏಟು ಬಿತ್ತು. ಈಗಲೂ ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿಂದಲೇ ಬರಬೇಕು. ಹಾಗಾಗಿ ನಾನು ಚುನಾವಣಾ ಸಮೀಕ್ಷೆಗಿಂತ ತೈಲದ ದರ, ಡಾಲರಿನ ದರ ಜಾಸ್ತಿ ನೋಡುತ್ತೇನೆ. ರೂಪಾಯಿ ಇಳಿದರೆ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯುವ ಔಷಧಿಗೆ ಕೊಳ್ಳುವ ಮೈಲುತುತ್ತವೂ ತುಟ್ಟಿ, ಅದನ್ನು ಮಾಡುವ ತಾಮ್ರದ ದರ ಡಾಲರಿನಲ್ಲೇ ಅಲ್ವಾ.

ಅಡಿಕೆಯವರಾಗಿ ನಮಗೆ ಇನ್ನೂ ಒಂದು ಎಳೆ ಇದೆ. 2022ರ ಸೆಪ್ಟೆಂಬರಿನಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ (ಇದಕ್ಕಿಂತ ಅಗ್ಗದ್ದನ್ನು ಹೊರಗಿಂದ ತರಬಾರದು ಎನ್ನುವ) ಷರತ್ತಿಲ್ಲದೆ ತರಿಸಲು ಕೇಂದ್ರ ಒಪ್ಪಿಗೆ ಕೊಟ್ಟಾಗ ಇಲ್ಲಿ ಎಷ್ಟು ಗಲಾಟೆ ಆಯಿತು ನೋಡಿದ್ದೀರಿ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ದರ ಕೆ.ಜಿ.ಗೆ 251ರಿಂದ 351ಕ್ಕೆ ಏರಿತು. ಮೇ 10ಕ್ಕೆ ರಾಜ್ಯದಲ್ಲಿ ಮತದಾನ ಇತ್ತು. ಚುನಾವಣೆ ಮುಂಚೆ ಬೆಳೆಗಾರರ ಮಾತಿಗೆ ಕಿವಿ ಕೊಡುತ್ತಾರೆ, ಆಗಲೇ ಕೇಳಬೇಕು. ಎಲೆಚುಕ್ಕೆ ರೋಗದ ಪರಿಹಾರವನ್ನೂ ಆಗಲೇ ಗಟ್ಟಿಯಾಗಿ ಕೇಳಬೇಕು. ಆದರೆ ಆ ಹೊತ್ತಿನ ದರ ಹೀಗೇ ಇರುತ್ತದೆ ಅಂತ ನಂಬಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮೂಟೆ ಅಟ್ಟದ ಮೇಲೆ ಪೂರ್ತಿ ಇಟ್ಟುಕೊಂಡು ಕೂರುವುದು ಬೇಡ, ಒಂದಿಷ್ಟು ಮಾರಿ ಒಂದಿಷ್ಟು ಇಡಿ.

ನಿಮ್ಮ ಆರು ಲಕ್ಷಕ್ಕೆ ಬರುತ್ತೇನೆ. ಮುಂದಿನ ಕೊಯ್ಲಿನ ತನಕದ ಖರ್ಚು, ಅಂದರೆ ಔಷಧಿ, ಗೊಬ್ಬರ, ಆಳಿನ ಸಂಬಳ, ಮನೆ ಖರ್ಚು ಎಲ್ಲ ಲೆಕ್ಕ ಹಾಕಿ ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ನಮ್ಮ ಕಡೆ ಎಲ್ಲರೂ ಸೊಸೈಟಿಯಲ್ಲೇ ಇಡುತ್ತಾರೆ, ಬಡ್ಡಿಯೂ ಸ್ವಲ್ಪ ಜಾಸ್ತಿ ಸಿಗುತ್ತದೆ, ಆದರೆ ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆ ಸಹಕಾರಿ ಸಂಘದ ಠೇವಣಿಗೆ ಇಲ್ಲ, ಇದು ಗೊತ್ತಿರಲಿ. ಐದಾರು ವರ್ಷ ಮುಟ್ಟದ ದುಡ್ಡು ಉಳಿದರೆ ಅದನ್ನು ಹದಿನೈದು ಹದಿನೆಂಟು ತಿಂಗಳಿಗೆ ಹಂಚಿ ಎಸ್‌ಐಪಿ ಹಾಕಿ, ಅಂದರೆ ತಿಂಗಳು ತಿಂಗಳು ಒಂದಿಷ್ಟು ಮ್ಯೂಚುವಲ್ ಫಂಡ್‌ಗೆ ಹೋಗಲಿ. ನಡುವೆ ಚುನಾವಣೆ ಬಂದು ಹೋಗಲಿ.

ಬೆಳೆಸಾಲದ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಮೊದಲು ಅದರ ವಾಯಿದೆ ನೋಡಿ. 2018ರ ಚುನಾವಣೆ ಆದ ಮೇಲೆ ಕುಮಾರಸ್ವಾಮಿ ಸುಮಾರು 34,000 ಕೋಟಿಯ ಸಾಲಮನ್ನಾ ಘೋಷಿಸಿದರು. ಅಲ್ಲಿಂದ ಪ್ರತಿ ಚುನಾವಣೆಗೂ ಮನ್ನಾ ಆಗುತ್ತದೆ ಅಂತ ಕಾದು ಕಂತು ಕಟ್ಟದವರು ನಮ್ಮೂರಲ್ಲೇ ಇದ್ದಾರೆ. ವಾಯಿದೆ ಮೀರಿತು ಅಂದರೆ ಬಡ್ಡಿ ರಿಯಾಯಿತಿ ತಪ್ಪಿ ಪೂರ್ತಿ ಬಡ್ಡಿ ಬೀಳುತ್ತದೆ. ಸಾಲ ಎಷ್ಟಿದೆ, ವಾಯಿದೆ ಯಾವಾಗ ಅಂತ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.