ಉಸಿರು ಸರಾಗವಿದ್ದ ದಿನ ಇನ್ಹೇಲರ್ ಬಿಡಬಹುದೇ?

ಪ್ರಶ್ನೆ: ಸಿಒಪಿಡಿಗೆಂದು (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎರಡು ಔಷಧಿ ಸೇರಿದ ಪಂಪ್ ಇನ್ಹೇಲರನ್ನು ಬೆಳಿಗ್ಗೆ, ರಾತ್ರಿ ಎರಡೆರಡು ಪಫ್ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ನಾಲಿಗೆ ಮೇಲೆ ಬಿಳಿ ಪದರ, ದನಿಯೂ ಒಡೆದಿದೆ. ಉಸಿರು ಸರಾಗವಿದ್ದ ದಿನ ಬಿಟ್ಟರಾಗದೇ?

ಉತ್ತರ: ನೀವಾಗಿಯೇ ಬಿಡಬೇಡಿ. ಉಸಿರು ಸರಾಗವಾಗಿರುವುದು ಅದರಿಂದಲೇ ಇರಬಹುದು! ಫಾರ್ಮೊಟೆರಾಲ್‌ನಂಥ ಔಷಧಿ ಶ್ವಾಸನಾಳವನ್ನು ಸುಮಾರು 12 ಗಂಟೆ ಹಿಗ್ಗಿಸಿಡುತ್ತದೆ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಒಳಗಿನ ಊತ ಇಳಿಸಬೇಕಾದರೆ ದಿನವೂ ತೆಗೆದುಕೊಳ್ಳಬೇಕು.

ಬಿಳಿ ಪದರ ಬಹುಶಃ ಶಿಲೀಂಧ್ರದ ಸೋಂಕು. ಬಾಯಲ್ಲೇ ಉಳಿದ ಸ್ಟೀರಾಯ್ಡಿನ ಫಲ. ಡಾಕ್ಟರಿಗೆ ತೋರಿಸಿ, ಔಷಧಿಯಿಂದ ಹೋಗುತ್ತದೆ. ಇನ್ಹೇಲರ್ ಸೇದಿದ ಪ್ರತಿ ಸಲವೂ ಬಾಯಿ, ಗಂಟಲು ಮುಕ್ಕಳಿಸಿ ಉಗುಳಿ, ನೀರು ನುಂಗಬೇಡಿ.

ಸೇದುವ ಕ್ರಮವನ್ನೂ ನೋಡಿಕೊಳ್ಳಿ. ಡಬ್ಬಿ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಎಳೆಯಲು ಶುರುಮಾಡುತ್ತಲೇ ಒತ್ತಿ. 10 ಸೆಕೆಂಡ್ ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಬಾಯಿಂದ ಹೊಗೆಯಂತೆ ಆಚೆ ಬಂದರೆ ಔಷಧಿ ಒಳಗೆ ಹೋಗಿಲ್ಲವೆಂದೇ ಲೆಕ್ಕ. ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಜೋಡಿಸಿಕೊಂಡರೆ ಈ ತಾಪತ್ರಯ ಅರ್ಧ ಕಡಿಮೆ. (ಪುಡಿ ಇನ್ಹೇಲರ್ ಇದಕ್ಕೆ ತದ್ವಿರುದ್ಧ: ಜೋರಾಗಿ ಎಳೆಯಬೇಕು.)

ದಿಢೀರ್ ಏದುಸಿರಿಗೆ ಯಾವ ಇನ್ಹೇಲರ್ ಎಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಸಾಮಾನ್ಯವಾಗಿ ಸಾಲ್ಬುಟಮಾಲ್ ಬೇರೆಯೇ ಕೊಡುತ್ತಾರೆ.