ಬೆಂಚ್‌ಮಾರ್ಕ್ ನಂಬಿ ಡೇಟಾಬೇಸ್ ಬದಲಾಯಿಸಬಹುದಾ?

ಹೊಸ ಡೇಟಾಬೇಸ್ ಹತ್ತು ಪಟ್ಟು ವೇಗ ಅಂತ ಬೆಂಚ್‌ಮಾರ್ಕ್ (ವೇಗ ಅಳೆಯುವ ಟೆಸ್ಟ್) ಚಾರ್ಟ್ ಹೇಳುತ್ತಿದೆ, ನಂಬಿ ಬದಲಾಯಿಸಲಾ ಅಂತ ಕೇಳಿದ್ದೀರಿ. ನಾನು ಇಂಥದ್ದೇ ಚಾರ್ಟ್ ನೋಡಿ ಬದಲಾಯಿಸಿದವನು. ಬೇಡ.

ನಮ್ಮದು ಆರ್ಡರ್ ದಾಖಲಿಸುವ ಸಿಸ್ಟಮ್. ಸೆಕೆಂಡಿಗೆ ಇಷ್ಟು ರೈಟ್ (ಡೇಟಾ ಬರೆಯೋದು) ಅಂತ ಚಾರ್ಟ್‌ನಲ್ಲಿ ಇತ್ತು. ಯಾವಾಗ ಅದನ್ನು ರೈಟ್ ಅಂತ ಲೆಕ್ಕ ಹಿಡಿದರು ಅಂತ ನಾನು ನೋಡಲೇ ಇಲ್ಲ. ಕೆಟ್ಟಿದ್ದು ಅಲ್ಲೇ. ನಮ್ಮ ಹಳೆಯ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದು ಬದಲಾವಣೆಗಳ ಲಾಗನ್ನು ಎಫ್‌ಸಿಂಕ್ ಮಾಡಿ, ಅಂದರೆ ನಿಜವಾಗಿಯೂ ಡಿಸ್ಕಿಗೆ ಇಳಿಸಿದ ಮೇಲೆಯೇ ಕಮಿಟ್ (ಬರೆದಿದ್ದು ಪಕ್ಕಾ) ಆಯ್ತು ಅನ್ನುತ್ತಿತ್ತು. ಹೊಸದು ಮೆಮೊರಿಗೆ ಹಾಕಿಕೊಂಡ ತಕ್ಷಣ ಆಯ್ತು ಅನ್ನುತ್ತಿತ್ತು, ಡಿಸ್ಕಿಗೆ ಬರೆಯೋದು ಆಮೇಲೆ. ಎರಡೂ ಬೇರೆ ಬೇರೆ ಕೆಲಸ ಅಲ್ವಾ? ಚಾರ್ಟ್ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿತ್ತು.

ಒಂದು ದಿನ ಸರ್ವರ್‌ನ ಪವರ್ ಹೋಯಿತು. ಮತ್ತೆ ಎದ್ದಾಗ ನೋಡಿದರೆ, ಗ್ರಾಹಕರಿಗೆ ಆರ್ಡರ್ ಖಚಿತ ಅಂತ ಮೆಸೇಜ್ ಹೋಗಿದೆ, ಟೇಬಲ್‌ನಲ್ಲಿ ಆರ್ಡರೇ ಇಲ್ಲ. ಮೆಸೇಜ್ ಲಾಗ್ ಹಿಡಿದು ಒಂದೊಂದೇ ಆರ್ಡರನ್ನು ಕೈಯಿಂದ ತುಂಬಿಸಿದೆವು. ಆಮೇಲೆ ಹೊಸದರಲ್ಲೂ ಡಿಸ್ಕಿಗೆ ಇಳಿದ ಮೇಲೆಯೇ ಆಯ್ತು ಅನ್ನುವಂತೆ ಸಿಂಕ್ ಆನ್ ಮಾಡಿ ಅದೇ ಟೆಸ್ಟ್ ಓಡಿಸಿದೆ. ಮೆರೆದಿದ್ದ ವೇಗ ಹೆಚ್ಚುಕಡಿಮೆ ಪೂರ್ತಿ ಇಳಿದುಹೋಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಸಿಂಕ್ರೊನಸ್ ಕಮಿಟ್ (ಡಿಸ್ಕಿಗೆ ಇಳಿಯುವವರೆಗೆ ಕಾಯೋದು) ಆಫ್ ಮಾಡಿದರೆ ಅದೂ ಜಾಸ್ತಿ ಓಡುತ್ತೆ, ಆದರೆ ಪವರ್ ಹೋದರೆ ಕೊನೆಯ ಕೆಲವು ಕಮಿಟ್ ಹೋಗುತ್ತವೆ.

ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಟೆಸ್ಟ್ ಪ್ರೋಗ್ರಾಂ ಪಿಜಿಬೆಂಚ್ ಅನ್ನು ನೀವೇ ಓಡಿಸಿದರೂ ಎಚ್ಚರ. ಸ್ಕೇಲ್ (ಟೆಸ್ಟ್ ಡೇಟಾದ ಗಾತ್ರ) ಹೇಳದಿದ್ದರೆ ಅದು ತನ್ನ ನಕಲಿ ಬ್ಯಾಂಕಿನ ಖಾತೆಗಳ ಟೇಬಲ್‌ಗೆ ಬರೀ 1 ಲಕ್ಷ ಸಾಲು ತುಂಬುತ್ತೆ. ಅಷ್ಟೂ ರ‍್ಯಾಮ್‌ನಲ್ಲೇ ಕೂರುತ್ತೆ, ಡಿಸ್ಕಿನಿಂದ ಓದೋ ಕೆಲಸವೇ ಬೀಳಲ್ಲ. ಬ್ರಾಂಚ್ ಟೇಬಲ್‌ನಲ್ಲಂತೂ ಇರೋದು ಒಂದೇ ಸಾಲು. ಪ್ರತಿ ಟ್ರಾನ್ಸಾಕ್ಷನ್ ಅದನ್ನೇ ಅಪ್‌ಡೇಟ್ ಮಾಡುವುದರಿಂದ ಕ್ಲೈಂಟ್‌ಗಳೆಲ್ಲ ಅದರ ಲಾಕ್‌ಗೆ (ಒಂದು ಸಲಕ್ಕೆ ಒಬ್ಬರಿಗೇ ಬದಲಾಯಿಸಲು ಬಿಡೋದು) ಕಾಯುತ್ತಾ ನಿಲ್ಲುತ್ತವೆ. ನೀವು ಅಳೆಯೋದು ಆ ಸರದಿಯನ್ನು.

ಟಿಪಿಸಿ-ಸಿ ಅನ್ನೋ ಬೆಂಚ್‌ಮಾರ್ಕ್‌ನ ಅಂಕಿಗಳಿಗೆ ನಾನು ಸ್ವಲ್ಪ ಬೆಲೆ ಕೊಡುತ್ತೇನೆ. 1988ರಲ್ಲಿ ಶುರುವಾದ ಟಿಪಿಸಿ ಅನ್ನೋ ಸಂಸ್ಥೆ ಅದಕ್ಕೆ ಆಡಿಟ್ ಮಾಡಿಸುತ್ತೆ, ಡೇಟಾ ಉಳಿಯುತ್ತೆ ಅಂತ ತೋರಿಸಲೇಬೇಕು. ಆದರೆ ಅದರಲ್ಲಿ ಓಡೋದೂ ನಿಮ್ಮ ಕ್ವೆರಿ (ಡೇಟಾಬೇಸಿಗೆ ನೀವು ಕೊಡುವ ಕೆಲಸ) ಅಲ್ಲ.

ಹಾಗಾಗಿ ಯಾವ ಚಾರ್ಟ್ ಸರಿ ಅನ್ನುವ ಪ್ರಶ್ನೆಯನ್ನೇ ಬಿಡಿ. ನಿಮ್ಮ ಲಾಗ್‌ನಿಂದ ನಿಜವಾದ ಕ್ವೆರಿಗಳನ್ನು ತೆಗೆದುಕೊಳ್ಳಿ. ನಿಮ್ಮ ಡೇಟಾದ ಪೂರ್ತಿ ನಕಲಿನ ಮೇಲೆ ಎರಡರಲ್ಲೂ ಓಡಿಸಿ. ರೈಟ್ ನಡೆಯುತ್ತಿರುವಾಗಲೇ ಟೆಸ್ಟ್ ಮಷೀನಿನ ಪವರ್ ಕಿತ್ತು ನೋಡಿ. ಸುಮ್ನೆ ಪ್ರೋಸೆಸ್ ಕಿಲ್ ಮಾಡಿದರೆ ಸಾಲದು. ಡಿಸ್ಕಿಗೆ ಇನ್ನೂ ಇಳಿಯದ್ದು ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್‌ನಲ್ಲಿ (ಮೆಮೊರಿಯಲ್ಲಿ) ಉಳಿದಿರುತ್ತೆ, ಎಲ್ಲ ಸರಿಯಿದೆ ಅಂತಲೇ ಕಾಣುತ್ತೆ.