ಮೂರು ತಿಂಗಳು ನಿಲ್ಲಿಸಿ ಹೋಗುವ ಎಲೆಕ್ಟ್ರಿಕ್ ಕಾರು: ಚಿಕ್ಕ ಬ್ಯಾಟರಿಯನ್ನು ಮರೆಯಬೇಡಿ

ಮಗಳ ಬಾಣಂತನಕ್ಕೆ ಮೂರು ತಿಂಗಳು ಅಮೆರಿಕಕ್ಕೆ ಹೊರಟಿದ್ದೀರಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಲ್ಲುವ ಎಲೆಕ್ಟ್ರಿಕ್ ಕಾರನ್ನು ಪೂರ್ತಿ ಚಾರ್ಜ್ ಮಾಡಿ ಹೋಗಬೇಕೇ, ಪ್ಲಗ್ ಹಾಕಿಯೇ ಬಿಡಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ಶೇ 50ರಿಂದ 60ರಷ್ಟು ಚಾರ್ಜ್ ಇಟ್ಟು, ಪ್ಲಗ್ ತೆಗೆದು ಹೋಗಿ. ಆದರೆ ನೀವು ಕೇಳದೇ ಬಿಟ್ಟ ಇನ್ನೊಂದು ಬ್ಯಾಟರಿ ಆ ಕಾರಿನಲ್ಲಿದೆ. ನನ್ನನ್ನು ಕಂಗೆಡಿಸಿದ್ದು ಅದೇ.

ತಾಯಿಯ ಶಸ್ತ್ರಚಿಕಿತ್ಸೆಗಾಗಿ ನಾನು ಐದು ವಾರ ಶಿವಮೊಗ್ಗದಲ್ಲಿದ್ದೆ. ಹಿಂದಿರುಗಿ ಬಂದು ಕೀಲಿಯ ಗುಂಡಿ ಒತ್ತಿದರೆ ಕಾರು ಮಿಸುಕಲಿಲ್ಲ. ಕೀಲಿಯೊಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆದೆ. ಒಳಗೆ ಒಂದು ದೀಪವೂ ಹೊತ್ತಲಿಲ್ಲ. ಲಕ್ಷಾಂತರ ರೂಪಾಯಿಯ ಬ್ಯಾಟರಿ ಹೋಯಿತೆಂದೇ ತಿಳಿದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮೆಕ್ಯಾನಿಕ್ ಬಂದು ಬಾನೆಟ್ಟಿನ ಕೆಳಗಿರುವ 12 ವೋಲ್ಟ್‌ನ ಚಿಕ್ಕ ಬ್ಯಾಟರಿಗೆ ಹೊರಗಿನಿಂದ ಜೀವ ಕೊಟ್ಟರು. ಪರದೆ ಬೆಳಗಿತು. ಹೋಗುವಾಗ ಶೇ 62 ಇದ್ದ ದೊಡ್ಡ ಬ್ಯಾಟರಿಯ ಚಾರ್ಜ್ 59ಕ್ಕೆ ಇಳಿದಿತ್ತು, ಅಷ್ಟೇ.

ಬಾಗಿಲಿನ ಲಾಕ್, ಪರದೆ, ಕಂಪ್ಯೂಟರ್‌ಗಳು, ಕೊನೆಗೆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು ಕೂಡ ಈ ಚಿಕ್ಕ ಬ್ಯಾಟರಿಯಿಂದಲೇ ನಡೆಯುತ್ತವೆ. ಅದು ಬರಿದಾದರೆ ದೊಡ್ಡದರಲ್ಲಿ ಎಷ್ಟಿದ್ದರೂ ಉಪಯೋಗವಿಲ್ಲ. ನಿಂತಲ್ಲೇ ದೊಡ್ಡದರಿಂದ ಚಿಕ್ಕದನ್ನು ತುಂಬಿಸಿಕೊಳ್ಳುವ ಕಾರುಗಳೂ ಇವೆ. ನನ್ನದು ಆ ಜಾತಿಯದಲ್ಲ. ಚಿಕ್ಕ ಬ್ಯಾಟರಿಯನ್ನು ಹೀರಿದ್ದು ನಾನು ಆಮೇಲೆ ಹಾಕಿಸಿದ್ದ ಡ್ಯಾಶ್‌ಕ್ಯಾಮ್. ನಿಂತ ಕಾರಿನಲ್ಲೂ ಕಾವಲು ಕಾಯುವಂತೆ ಅದರ ವೈರ್ ಜೋಡಿಸಲಾಗಿತ್ತು. 0.3 ಆಂಪಿಯರ್ ಎಂದರೆ ಏನೂ ಅಲ್ಲವೆನಿಸುತ್ತದೆ, ಆದರೆ ದಿನಕ್ಕೆ ಏಳು ಆಂಪಿಯರ್-ಅವರ್ ಆಗುತ್ತದೆ. 40 ಆಂಪಿಯರ್-ಅವರ್ ಬ್ಯಾಟರಿ ಆರನೆಯ ದಿನಕ್ಕೇ ಖಾಲಿ. ಸೀಸದ ಬ್ಯಾಟರಿ ಹಾಗೆ ವಾರಗಟ್ಟಲೆ ಬರಿದಾಗಿ ಬಿದ್ದಿದ್ದರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ನಾನು ಹೊಸದನ್ನೇ ಕೊಳ್ಳಬೇಕಾಯಿತು.

ಹಾಗಾಗಿ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಮುಂತಾಗಿ ನೀವು ಹೊರಗಿನಿಂದ ಹಾಕಿಸಿದ ಎಲ್ಲವನ್ನೂ ಮೊದಲು ಕಳಚಿ. ಕಾರಿನದೇ ಕಾವಲು ಕ್ಯಾಮೆರಾ ಇದ್ದರೆ ಅದನ್ನೂ ಆರಿಸಿ. ಅದು ದೊಡ್ಡ ಬ್ಯಾಟರಿಯನ್ನೇ ತಿನ್ನುತ್ತದೆ. ಟೆಸ್ಲಾದ ಸೆಂಟ್ರಿ ಮೋಡ್, ಚಾರ್ಜ್ ಶೇ 20ಕ್ಕಿಂತ ಕೆಳಗಿಳಿದರೆ ತಾನಾಗಿಯೇ ನಿಲ್ಲುವಂತೆ ಮಾಡಿರುವುದು ಸುಮ್ಮನೆ ಅಲ್ಲ. ಇನ್ನೊಂದು ಮಾತು: ಅಮೆರಿಕದಲ್ಲಿ ಕುಳಿತು ಮೊಬೈಲ್ ಆ್ಯಪ್‌ನಲ್ಲಿ ದಿನವೂ ಚಾರ್ಜ್ ನೋಡಬೇಡಿ. ಹಲವು ಕಾರುಗಳು ಹಾಗೆ ನೋಡಿದಾಗಲೆಲ್ಲ ನಿದ್ದೆಯಿಂದ ಏಳುತ್ತವೆ, ಮತ್ತೆ ಮಲಗಲು ಸಮಯ ಹಿಡಿಯುತ್ತದೆ.

ಹೊರಡುವ ಮುನ್ನ ದಯವಿಟ್ಟು ಒಂದು ಪರೀಕ್ಷೆ ಮಾಡಿ. ನಾಲ್ಕು ದಿನ ಕಾರನ್ನು ಮುಟ್ಟದೆ ಬಿಟ್ಟು, ಚಾರ್ಜ್ ಎಷ್ಟು ಇಳಿಯಿತೆಂದು ಬರೆದಿಡಿ. ಲಿಥಿಯಂ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇ ಎರಡು-ಮೂರರಷ್ಟು ಮಾತ್ರ. ದಿನಕ್ಕೆ ಶೇ 1 ಇಳಿಯುತ್ತಿದ್ದರೆ ಏನೋ ಎಚ್ಚರವಾಗಿದೆ ಎಂದು ಅರ್ಥ. 40 ಕಿಲೋವ್ಯಾಟ್-ಅವರ್ ಕಾರಿನಲ್ಲಿ ಅದು 17 ವ್ಯಾಟ್ ಬಲ್ಬು ಹಗಲಿರುಳು ಉರಿದಂತೆ. ಆ ಲೆಕ್ಕದಲ್ಲಿ ಎರಡೇ ತಿಂಗಳಿಗೆ ನಿಮ್ಮ 60 ಮುಗಿಯುತ್ತದೆ. ಪೂರ್ತಿ ಬರಿದಾಗಿ ನಿಂತ ಲಿಥಿಯಂ ಬ್ಯಾಟರಿಗೆ ಆಗುವ ಹಾನಿ ಸರಿಹೋಗುವಂಥದ್ದಲ್ಲ.

ಹಾಗೆಂದು 100 ಬೇಡ. ತುಂಬಿದ ಸ್ಥಿತಿ ಮತ್ತು ಬಿಸಿ ಸೇರಿದರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಬಿಸಿಲಿನ ಮಟ್ಟಿಗೆ ಬೆಂಗಳೂರಿನ ಬೇಸ್‌ಮೆಂಟ್ ಒಳ್ಳೆಯ ಜಾಗ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸುವುದಾಗಿದ್ದರೆ ನೆರಳು ಹುಡುಕಿ ಎಂದು ಒತ್ತಾಯಿಸುತ್ತಿದ್ದೆ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ) ಬ್ಯಾಟರಿಯಾಗಿದ್ದರೆ ಪರದೆ ತೋರಿಸುವ ಅಂಕಿ ಸ್ವಲ್ಪ ತಪ್ಪಿರಬಹುದು. ಮರಳಿದ ಮೇಲೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಸರಿಹೋಗುತ್ತದೆ. ಪ್ಲಗ್ ತೆಗೆಯಿರಿ ಎನ್ನುವುದು ಗುಡುಗು-ಸಿಡಿಲು, ವೋಲ್ಟೇಜ್ ಏರಿಳಿತಗಳ ಭಯದಿಂದ.

ಚಿಕ್ಕ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಡುವುದು ಖಚಿತವಾದ ಉಪಾಯ. ಕಾರಿನ ಕೈಪಿಡಿ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ಓದಿ, ದೊಡ್ಡ ಬ್ಯಾಟರಿಯ ಅಪಾಯಕಾರಿ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಹಾಕಬೇಡಿ. ಆಮೇಲೆ ಬಾಗಿಲು ತೆರೆಯುವುದು ಲೋಹದ ಕೀಲಿಯಿಂದ ಮಾತ್ರ. ಒಮ್ಮೆ ಅಭ್ಯಾಸ ಮಾಡಿಕೊಳ್ಳಿ.

ಆದರೆ ನೀವು ಹೋಗುವುದು ಮಳೆಗಾಲದಲ್ಲಾದರೆ ಟರ್ಮಿನಲ್ ಕಳಚಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಕಾರನ್ನು ಕೂಡಲೇ ಮೇಲೆ ತರುವ ಹಾಗಿರಬೇಕು. ನಂಬಿಕಸ್ಥ ನೆರೆಯವರಿಗೆ ಒಂದು ಕೀಲಿ ಕೊಟ್ಟು, ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಕೇಳಿಕೊಳ್ಳಿ. ಚಿಕ್ಕ ಬ್ಯಾಟರಿ ಅಷ್ಟರಲ್ಲಿ ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ, ಟೈರುಗಳೂ ಒಂದೇ ಕಡೆ ಒತ್ತಿ ನಿಲ್ಲುವುದಿಲ್ಲ. ನಾನು ಈಗ ಊರಿಗೆ ಹೋಗುವಾಗಲೆಲ್ಲ ಮಾಡುವುದು ಇದನ್ನೇ.